ಕೆಂಪು ಮುಖವಾಡ ಹಾಕಿದವರೆಲ್ಲ ಸ್ಪೈಡರ್‌ಮ್ಯಾನ್ ಅಲ್ಲ: ‘ಡೆಡ್‌ಪೂಲ್’ ಮಕ್ಕಳಿಗೆ ತೋರಿಸಬಹುದೇ?



ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎಲ್ಲ ಆಯಿತು, ಇವತ್ತು ಸಿನಿಮಾ ವಿಷಯ. ಆರೋಗ್ಯದ ಮಾತಿನ ನಡುವೆ ಸಿನಿಮಾ ಯಾಕೆ ಬಂತು ಅಂತ ಹುಬ್ಬೇರಿಸಬೇಡಿ. ಮಗು ರಾತ್ರಿ ನಿದ್ದೆ ಮಾಡದಿದ್ದರೆ, ಶಾಲೆಯಲ್ಲಿ ಕೆಟ್ಟ ಮಾತಾಡಿತು ಅಂತ ಟೀಚರ್ ಕರೆಸಿದರೆ, ಅದೂ ಆರೋಗ್ಯದ ವಿಷಯವೇ.

‘ಡೆಡ್‌ಪೂಲ್’ ಹೆಸರು ನಿಮ್ಮ ಮಕ್ಕಳಿಗಂತೂ ಗೊತ್ತಿರುತ್ತದೆ. ಕೆಂಪು-ಕಪ್ಪು ಬಟ್ಟೆ, ಬೆನ್ನಿಗೆ ಎರಡು ಕತ್ತಿ. ದೂರದಿಂದ ನೋಡಿದರೆ ಸ್ಪೈಡರ್‌ಮ್ಯಾನ್ ಅಣ್ಣನೋ ತಮ್ಮನೋ ಅನ್ನಿಸಬೇಕು. ಮೋಸ ಆಗುವುದೇ ಇಲ್ಲಿ. ಮೊದಲ ಸಿನಿಮಾ 2016ರಲ್ಲಿ ಬಂತು, ಎರಡನೆಯದು 2018ರಲ್ಲಿ, ಮೂರನೆಯದು ‘ಡೆಡ್‌ಪೂಲ್ ಅಂಡ್ ವುಲ್ವರಿನ್’ 2024ರ ಜುಲೈ 26ರಂದು. ನಮ್ಮ ದೇಶದಲ್ಲಿ ಮೂರಕ್ಕೂ ಸಿಕ್ಕಿದ್ದು ‘ಎ’ ಸರ್ಟಿಫಿಕೇಟ್. ಅಂದರೆ 18 ತುಂಬದವರನ್ನು ಥಿಯೇಟರ್ ಒಳಗೆ ಬಿಡುವ ಹಾಗಿಲ್ಲ, ಅಪ್ಪ-ಅಮ್ಮ ಜೊತೆಗಿದ್ದರೂ ಇಲ್ಲ. “ನಾವಿದ್ದೀವಲ್ಲ” ಅಂತ ಗೇಟಿನಲ್ಲಿ ವಾದ ಮಾಡುವವರು ಇದನ್ನು ತಿಳಿದಿರಲಿ.

ಥಿಯೇಟರ್ ಮಾತು ಅಲ್ಲಿಗೆ ಮುಗಿಯಿತು. ತೊಂದರೆ ಇರುವುದು ಮನೆಯಲ್ಲಿ. ಸಾತಪುರ, ಅಂಬಡ, ವಾಳೂಜಿನ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಬಂದವರು ಮಲಗುತ್ತಾರೆ. ಇರುವುದು ಒಂದೇ ಕೋಣೆ. ಫೋನ್ ಮಗುವಿನ ಕೈಯಲ್ಲಿ, ಕಿವಿಯಲ್ಲಿ ಇಯರ್‌ಫೋನ್. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಮಗುವಿಗೆ ಆ ಸಿನಿಮಾದ ಇಂಗ್ಲಿಷ್ ಬೈಗುಳ ನಮಗಿಂತ ಮೊದಲೇ ಅರ್ಥವಾಗುತ್ತದೆ. ಪಕ್ಕದಲ್ಲೇ ಕೂತ ಅಜ್ಜಿಗೆ ಒಂದಕ್ಷರ ತಿಳಿಯುವುದಿಲ್ಲ, ಮೊಮ್ಮಗ ನಗುತ್ತಿದ್ದಾನಲ್ಲ, ಏನೋ ಒಳ್ಳೆಯದೇ ನೋಡುತ್ತಿರಬೇಕು ಅಂದುಕೊಳ್ಳುತ್ತಾರೆ. ಊರಲ್ಲಿದ್ದರೆ ಪಕ್ಕದ ಮನೆಯ ಕಾಕಾನೋ ಮಾವನೋ “ಏನೋ ಅದು?” ಅಂತ ಇಣುಕುತ್ತಿದ್ದರು. ಇಲ್ಲಿ ಇಣುಕುವವರು ಕಡಿಮೆ.

ಸಿನಿಮಾ ಪೂರ್ತಿ ನೋಡದ ಮಕ್ಕಳೂ ಅದರ ತುಣುಕು ನೋಡಿರುತ್ತಾರೆ. ಮೂರನೇ ಸಿನಿಮಾದ ಶುರುವಿನಲ್ಲಿ ಅವನು ಒಂದು ಹಾಡಿಗೆ ಕುಣಿಯುತ್ತಾನಲ್ಲ, ಆ ಕುಣಿತ 2024ರಲ್ಲಿ ರೀಲ್ಸ್ ತುಂಬ ಓಡಾಡಿತು, ಎಷ್ಟೋ ಮಕ್ಕಳು ಅದನ್ನೇ ಕುಣಿದರು. ಆದರೆ ಸಿನಿಮಾದಲ್ಲಿ ಆ ಹೊತ್ತಿಗೆ ಅವನು ಮಾಡುತ್ತಿರುವುದೇನು? ಸತ್ತ ವುಲ್ವರಿನ್‌ನ ಗೋರಿ ಅಗೆದು, ಅವನ ಎಲುಬುಗಳನ್ನೇ ಆಯುಧ ಮಾಡಿಕೊಂಡು, ಒಬ್ಬೊಬ್ಬರನ್ನೇ ಕೊಲ್ಲುತ್ತ ಕುಣಿಯುತ್ತಾನೆ. ರಕ್ತ ಚಿಮ್ಮುವುದೂ ನಗು ಬರುವುದೂ ಒಂದೇ ತಾಳಕ್ಕೆ.

ನೀವು ಕೇಳಬಹುದು, ನಮ್ಮ ಪುರಾಣಗಳಲ್ಲಿ ರಕ್ತ ಇಲ್ಲವೇ? ಇದೆ. ಸಂಭಾಜಿನಗರದವರು ಬಂದ ನೆಂಟರನ್ನೆಲ್ಲ ಎಲ್ಲೋರಾಕ್ಕೆ ಕರೆದೊಯ್ಯುತ್ತೀರಿ. ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕೈಲಾಸ ದೇವಾಲಯ ನೋಡಿ ಹೆಮ್ಮೆಪಡುತ್ತೀರಿ. ಅದರ ಹತ್ತಿರದಲ್ಲೇ 15ನೇ ಗುಹೆ, ದಶಾವತಾರ ಗುಹೆ. ಅಲ್ಲಿ ಹಿರಣ್ಯಕಶಿಪುವಿನ ಮೇಲೆ ಎರಗುವ ನರಸಿಂಹನಿದ್ದಾನೆ. ಮಕ್ಕಳಿಗೆ ತೋರಿಸುತ್ತೇವೆ, ಕಥೆಯನ್ನೂ ಹೇಳುತ್ತೇವೆ. ಆದರೆ ಕಥೆ ಹೇಳುವ ಅಜ್ಜಿ ಮಗುವಿನ ಮುಖ ನೋಡುತ್ತ ಹೇಳುತ್ತಾರೆ. ಮಗು ಹೆದರಿದರೆ ತಕ್ಷಣ ಪ್ರಹ್ಲಾದನ ಕಡೆಗೆ ಹೊರಳುತ್ತಾರೆ. ಅಲ್ಲಿ ಸಾವು ಸಾವೇ, ತಮಾಷೆ ಅಲ್ಲ. ಫೋನ್ ಮಗುವಿನ ಮುಖ ನೋಡುವುದಿಲ್ಲ.

ಇದು ಬರೀ ಹಳೆ ಕಾಲದವರ ಗೊಣಗಾಟ ಅನ್ನಬೇಡಿ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 3ರಿಂದ 6 ವರ್ಷದೊಳಗಿನ 72 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ಆಮೇಲೆ ತಾವೂ ಹಾಗೆಯೇ ಹೊಡೆದರು, ಅದೇ ಮಾತು ಆಡಿದರು. ಮುಂದೆ ಫಿಲ್ಮ್ ತೋರಿಸಿದಾಗಲೂ ಅದೇ ಆಯಿತು. ಹೊಡೆದವನಿಗೆ ಶಿಕ್ಷೆ ಆಗುವುದನ್ನು ನೋಡಿದ ಮಕ್ಕಳು ಮಾತ್ರ ಅಷ್ಟಾಗಿ ಅನುಕರಿಸಲಿಲ್ಲ. ಡೆಡ್‌ಪೂಲ್‌ಗೆ ಶಿಕ್ಷೆ ಎಲ್ಲಿದೆ? ಕೈ ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ. ಒಂದು ಸಿನಿಮಾ ನೋಡಿದ ಮಗು ನಾಳೆ ರೌಡಿ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೆದರಿಸುವ ಫಾರ್ವರ್ಡ್‌ಗಳನ್ನು ನಂಬಲೂಬೇಡಿ. ಆದರೆ ಏಳೆಂಟು ವರ್ಷದ ಮಗುವಿಗೆ ‘ಇದು ಸುಳ್ಳು, ನಿಜವಾಗಿ ಹೊಡೆದರೆ ನೋವಾಗುತ್ತದೆ’ ಅಂತ ಪ್ರತಿಸಲ ಬೇರೆ ಮಾಡಿ ನೋಡುವ ಶಕ್ತಿ ಪೂರ್ತಿ ಬಂದಿರುವುದಿಲ್ಲ. ತಮ್ಮನ ಮೇಲೆ ಮರದ ಕತ್ತಿ ಬೀಸುವುದು ಅದಕ್ಕೇ.

ನನಗೆ ರಕ್ತಕ್ಕಿಂತ ಹೆಚ್ಚು ಚಿಂತೆ ಇರುವುದು ಬೇರೆ ಎರಡು ಸಂಗತಿಗಳ ಬಗ್ಗೆ. ಮೊದಲ ಸಿನಿಮಾದಲ್ಲಿ ನಾಯಕನಿಗೆ ಕ್ಯಾನ್ಸರ್, ಅದೂ ದೇಹದ ಹಲವು ಕಡೆ ಹರಡಿದ್ದು. ಗುಣ ಮಾಡುತ್ತೇವೆ ಅಂತ ಕರೆದೊಯ್ದವರು ಅವನಿಗೆ ಚಿತ್ರಹಿಂಸೆ ಕೊಡುತ್ತಾರೆ. ಮನೆಯಲ್ಲಿ ಯಾರಾದರೂ ಕೀಮೋ ತೆಗೆದುಕೊಳ್ಳುತ್ತಿದ್ದರೆ, ಅಂಥ ಮನೆಯ ಮಗು ಇದನ್ನು ಒಬ್ಬಂಟಿಯಾಗಿ ನೋಡಿ ಆಸ್ಪತ್ರೆ ಎಂದರೆ ಹೀಗೇ ಇರುತ್ತದೆ ಅಂದುಕೊಂಡರೆ? ಎರಡನೇ ಸಿನಿಮಾದಲ್ಲಿ ಪ್ರೀತಿಸಿದವಳನ್ನು ಕಳೆದುಕೊಂಡ ಅವನು ಪ್ರಾಣ ಬಿಡಲು ನೋಡುತ್ತಾನೆ, ಆಗುವುದಿಲ್ಲ. ಅದನ್ನೂ ನಗೆಯಾಗಿ ತೋರಿಸಿದ್ದಾರೆ. ದೊಡ್ಡವರು ಅದರ ಹಿಂದಿನ ದುಃಖ ಗುರುತಿಸುತ್ತಾರೆ. ಹತ್ತನೇ ತರಗತಿಯ ಒತ್ತಡದಲ್ಲಿರುವ ಹುಡುಗನೋ ಹುಡುಗಿಯೋ ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ಹೊರಗಿನಿಂದ ಹೇಳಲಾಗದು. “ನಾನಿಲ್ಲದಿದ್ದರೇ ಚೆನ್ನಾಗಿತ್ತು” ಅನ್ನುವ ಮಾತು ತಮಾಷೆಗೆ ಬಂದರೂ ಬಿಡಬೇಡಿ, ಪಕ್ಕದಲ್ಲಿ ಕೂತು ಕೇಳಿ. ಟೆಲಿ ಮಾನಸ್ 14416 ಸರ್ಕಾರದ ಉಚಿತ ಸಹಾಯವಾಣಿ. ಬೇಕಾದ ಭಾಷೆ ಆರಿಸಿಕೊಂಡು ಮಾತಾಡಬಹುದು.

ಹಾಗಂತ ಸಿನಿಮಾ ಬರೀ ಹೊಲಸು ಅಂದರೆ ಅನ್ಯಾಯ. ಎರಡನೆಯದರಲ್ಲಿ ರಸೆಲ್ ಎಂಬ ಅನಾಥ ಹುಡುಗನಿದ್ದಾನೆ. ಇದ್ದ ಆಶ್ರಮದಲ್ಲೇ ಹಿಂಸೆ ಅನುಭವಿಸಿ ಸಿಟ್ಟಿನಲ್ಲಿ ಉರಿಯುವವನು. ಅವನ ಮಾತು ಕೇಳುವವರೇ ಇಲ್ಲ ಅನ್ನುವುದೇ ಕಥೆಯ ತಿರುಳು. ಇನ್ನು ನಾಯಕ ನೇರವಾಗಿ ಪ್ರೇಕ್ಷಕರ ಜೊತೆ ಹರಟುವುದು, ದೊಡ್ಡವರನ್ನು ಗೇಲಿ ಮಾಡುವುದು ನಮಗೇನೂ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರಿಗೆ, ಇಲ್ಲಿನ ತಮಾಶಾದ ಸೋಂಗಾಡ್ಯಾನನ್ನು ಕಂಡವರಿಗೆ, ಬೀಚಿಯವರ ತಿಂಮನನ್ನು ಓದಿದವರಿಗೆ ಅದರ ರುಚಿ ಗೊತ್ತು. ತರಲೆ ಮಾತಿಗೆ ನಗುವ ಮಗು ಕೆಟ್ಟದ್ದಲ್ಲ, ಚುರುಕಾಗಿದೆ ಅಂತ ಅರ್ಥ. ಸಿನಿಮಾ ಮಾಡಿದವರೇ 2018ರ ಡಿಸೆಂಬರ್‌ನಲ್ಲಿ ಎರಡನೇ ಭಾಗದ ಬೈಗುಳ, ರಕ್ತ ಕಡಿಮೆ ಮಾಡಿ ‘ಒನ್ಸ್ ಅಪಾನ್ ಎ ಡೆಡ್‌ಪೂಲ್’ ಅಂತ ಬೇರೆಯಾಗಿ ಬಿಡುಗಡೆ ಮಾಡಿದರು. ಮೂಲ ಸಿನಿಮಾ ಮಕ್ಕಳಿಗಲ್ಲ ಅಂತ ಅವರಿಗೂ ಗೊತ್ತಿದೆ ಎಂದಾಯಿತಲ್ಲ!

ನನ್ನ ಅಭಿಪ್ರಾಯ ಇಷ್ಟು. ಹೈಸ್ಕೂಲ್ ಮುಗಿಯುವ ತನಕ ಬೇಡವೇ ಬೇಡ. ಪಿಯುಸಿ ವಯಸ್ಸಿನವರು ಹಟ ಹಿಡಿದರೂ 18ರ ತನಕ ಕಾಯಿಸುವುದೇ ಸರಿ. ಗೆಳೆಯನ ಫೋನಿನಲ್ಲಿ ನೋಡಿಬಿಟ್ಟಿದ್ದರೆ ಹೊಡೆಯಬೇಡಿ, ಬೈಯಲೂ ಬೇಡಿ. “ಯಾವುದು ಇಷ್ಟ ಆಯ್ತು? ಯಾವುದು ನೋಡಿ ಹೇಸಿಗೆ ಆಯ್ತು?” ಅಂತ ಕೇಳಿ. ಹೊಡೆದರೆ ಮುಂದಿನ ಸಲ ಹೇಳುವುದಿಲ್ಲ, ಅಷ್ಟೇ.

ಒಟಿಟಿಯಲ್ಲಿ ‘ಎ’ ಅಥವಾ ‘ಯುಎ 16+’ ಅಂತ ವಯಸ್ಸಿನ ಗುರುತು ಬರುತ್ತದೆ. 2021ರ ನಿಯಮದ ಪ್ರಕಾರ 13+ ಮತ್ತು ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯ ಕೊಡಲೇಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ಪಿನ್ ಹಾಕಿ, ಮಗುವಿಗೆ ಮಕ್ಕಳ ಪ್ರೊಫೈಲ್ ಮಾಡಿಕೊಡಿ. ಪಿನ್ ಮಾತ್ರ ಮಗುವಿನ ಹುಟ್ಟಿದ ದಿನ ಬೇಡ, ಅದನ್ನು ಮೊದಲು ಒತ್ತಿ ನೋಡುವುದೇ ಮಕ್ಕಳು. ರೀಲ್ಸ್ ತುಣುಕುಗಳನ್ನು ಈ ಲಾಕ್ ತಡೆಯುವುದಿಲ್ಲ. ಅದಕ್ಕೆ ಇಯರ್‌ಫೋನ್ ತೆಗೆಸಿ, ಸದ್ದು ಕೋಣೆಗೆಲ್ಲ ಕೇಳುವ ಹಾಗೆ ನೋಡಿಸುವುದೇ ಉಪಾಯ.

ತರಲೆ ಮಾತಿನ ಹೀರೋನೇ ಬೇಕು ಅಂತ ಮಗು ಹಟ ಮಾಡಿದರೆ 2018ರ ‘ಸ್ಪೈಡರ್‌ಮ್ಯಾನ್: ಇಂಟು ದಿ ಸ್ಪೈಡರ್-ವರ್ಸ್’ ಹಾಕಿ, ನೀವೂ ಕೂತುಕೊಳ್ಳಿ. ಅದರ ಹುಡುಗ ಮೈಲ್ಸ್‌ನ ತಾಯಿ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ, ಹೊರಗೆಲ್ಲ ಇಂಗ್ಲಿಷ್. ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಹುಡುಗನ ಕಥೆ ನಮ್ಮ ಮಕ್ಕಳಿಗೆ ಬೇಗ ಹಿಡಿಸುತ್ತದೆ.