ಅನ್‌ಫಿಟ್ ಆಗುವ ಭಯ

ಗಲ್ಫಿನ ಮೆಡಿಕಲ್ ನಮಗೆ ಒಂದು ಪಾಠ ಕಲಿಸಿಬಿಟ್ಟಿದೆ: ಡಾಕ್ಟರ ಕಾಗದದಲ್ಲಿ ಕಾಯಿಲೆಯ ಹೆಸರು ಬಂದರೆ ವೀಸಾ ಹೋಯಿತು. ಎಕ್ಸ್‌ರೇಯಲ್ಲಿ ಟಿಬಿಯ ಹಳೆಯ ಕಲೆ ಕಂಡರೂ ಅನ್‌ಫಿಟ್. ಉಪ್ಪಳ, ಮಂಜೇಶ್ವರದಿಂದ ಬಂಟ್ವಾಳದವರೆಗೆ ಇದು ಗೊತ್ತಿಲ್ಲದ ಬ್ಯಾರಿ ಮನೆ ಸಿಗಲಿಕ್ಕಿಲ್ಲ. ಈಗ ಅದೇ ಪಾಠವನ್ನು ಅಮೆರಿಕಕ್ಕೆ ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳ ಮೇಲೂ ಹೇರುತ್ತಿದ್ದೇವೆ. ನನ್ನ ತಕರಾರು ಅದಕ್ಕೆ.

ವಿಷಯ ಇದು. ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆದ ಗಂಡ ಹಿಂಸೆ ಕೊಟ್ಟರೆ, ಅವನ ಸಹಿ ಇಲ್ಲದೆಯೇ ಹೆಂಡತಿ ಗ್ರೀನ್ ಕಾರ್ಡಿನ ದಾರಿ ಹಿಡಿಯಬಹುದು. 1994ರ ಕಾನೂನು, ಅಲ್ಲಿ 'ವಾವಾ' ಅಂತ ಕರೆಯುತ್ತಾರೆ. (ಗಂಡ ಎಚ್-1ಬಿಯಲ್ಲಿದ್ದರೆ ಈ ದಾರಿ ಇಲ್ಲ, ಬೇರೆ ಹುಡುಕಬೇಕು.) ಹೊಡೆತವೇ ಆಗಬೇಕೆಂದಿಲ್ಲ, ತೀವ್ರ ಕ್ರೌರ್ಯ ಸಾಕು. ಪಾಸ್‌ಪೋರ್ಟ್ ಅಡಗಿಸುವುದು, ಊರಿಗೆ ಫೋನ್ ಮಾಡಲು ಬಿಡದಿರುವುದು, "ಇಮಿಗ್ರೇಶನ್‌ನವರಿಗೆ ಹೇಳಿ ಓಡಿಸ್ತೇನೆ" ಅಂತ ದಿನಾ ಹೆದರಿಸುವುದು. ಇದಕ್ಕೆಲ್ಲ ಪೊಲೀಸ್ ದೂರು ಎಲ್ಲಿಂದ ಬರಬೇಕು? ಗಾಯದ ಫೋಟೋ ಎಲ್ಲಿಂದ? ಆಗ ವಕೀಲರು ಸೈಕಾಲಜಿಸ್ಟ್ ಹತ್ತಿರ ಕಳುಹಿಸುತ್ತಾರೆ. ಕಾನೂನಿನಲ್ಲಿ ಅದು ಕಡ್ಡಾಯವಲ್ಲ. ಆದರೆ ಕೈಯಲ್ಲಿ ಬೇರೆ ಕಾಗದ ಇಲ್ಲದವಳಿಗೆ ಆ ವರದಿಯೇ ದೊಡ್ಡ ಸಾಕ್ಷಿ. ನಿದ್ದೆ ಯಾವಾಗಿನಿಂದ ಹೋಯಿತು, ಬಾಗಿಲ ಸದ್ದಿಗೆ ಯಾಕೆ ಬೆಚ್ಚುತ್ತಾಳೆ, ಅವಳು ಹೇಳಿದ ಸಂಸಾರಕ್ಕೂ ಈ ಲಕ್ಷಣಗಳಿಗೂ ಹೊಂದಿಕೆ ಉಂಟೇ ಎಂದು ಕಲಿತವರು ಕೂತು ಕೇಳಿ ಬರೆದದ್ದು.

ಇಂಥ ಮೂರು ಸಂದರ್ಶನಗಳಲ್ಲಿ ನಾನು ದುಭಾಷಿಯಾಗಿ ಕೂತಿದ್ದೇನೆ. ಎರಡರಲ್ಲಿ ಊರಿನ ಫೋನ್ ಮೊದಲೇ ಬಂದಾಗಿತ್ತು: "ಬೇಡ ಮಗಳೇ, ಮರ್ಲು ಅಂತ ರೆಕಾರ್ಡ್ ಆಗ್ತದೆ. ತಂಗಿಯರ ಮದುವೆ ಬಾಕಿ ಉಂಟು. ಸಬರ್ ಮಾಡು."

ಯಾವ ರೆಕಾರ್ಡ್? ಅರ್ಜಿಯ ವಿಷಯವನ್ನು ಅಧಿಕಾರಿಗಳು ಗಂಡನಿಗೆ ತಿಳಿಸುವಂತಿಲ್ಲ, ಕಾನೂನೇ ತಡೆದಿದೆ. ಖಿನ್ನತೆ ಇದೆ ಎಂಬ ಒಂದೇ ಕಾರಣಕ್ಕೆ ಗ್ರೀನ್ ಕಾರ್ಡ್ ನಿರಾಕರಿಸುವಂತೆಯೂ ಇಲ್ಲ. ಕಾಯಿಲೆಯ ಜೊತೆಗೆ ತನಗೋ ಇತರರಿಗೋ ಅಪಾಯ ಮಾಡುವ ವರ್ತನೆ ಸೇರಿದರೆ ಮಾತ್ರ ಆ ಆರೋಗ್ಯದ ನಿಯಮ ಅಡ್ಡ ಬರುತ್ತದೆ. ಸಬರ್‌ಗೆ ಮಾತ್ರ ಅಲ್ಲಿ ಗಡುವು ಉಂಟು. ವಿಚ್ಛೇದನವಾಗಿ 2 ವರ್ಷ ದಾಟಿದರೆ ಈ ಬಾಗಿಲು ಮುಚ್ಚಿತು. ಸಬರ್ ಮಾಡು ಎಂದವರು ಆಮೇಲೆ ಬಂದು ಬಾಗಿಲು ತೆರೆಸುತ್ತಾರೆಯೇ?

ಇನ್ನೊಂದು ಜಾತಿಯ ಬುದ್ಧಿವಂತರೂ ಇದ್ದಾರೆ. "ಚೆನ್ನಾಗಿ ಅಳು, ಸಾಯ್ತೇನೆ ಅಂತ ಹೇಳು" ಎಂದು ಪಾಠ ಹೇಳಿಕೊಡುವವರು. ಉತ್ಪ್ರೇಕ್ಷೆಯನ್ನು ಹಿಡಿಯುವುದೂ ಆ ತಜ್ಞರ ಕೆಲಸವೇ. ಒಂದು ಸುಳ್ಳು ಸಿಕ್ಕಿದರೆ ಉಳಿದ ನಿಜಕ್ಕೂ ಬೆಲೆ ಇರುವುದಿಲ್ಲ. ನಿಜವಾಗಿಯೂ ಸಾಯುವ ಯೋಚನೆ ಬಂದಿದ್ದರೆ ಮುಚ್ಚಿಡುವುದು ಬೇಡ. ಅವಳಿಗೆ ಆಗ ಬೇಕಾದದ್ದು ವರದಿಗಿಂತ ಮೊದಲು ಚಿಕಿತ್ಸೆ.

ಭಾಷೆಯ ಮಾತು ಹೇಳದಿದ್ದರೆ ಆಗದು. ಬ್ಯಾರಿ ಎಂದರೆ ಮಲಯಾಳವೇ ಅಲ್ಲವೇ ಎಂದು ಮಲಯಾಳದ ದುಭಾಷಿಯನ್ನು ಕೂರಿಸಿಬಿಡುತ್ತಾರೆ. ಹುಡುಗಿ "ಮಂಡೆ ಬಿಸಿ" ಎಂದರೆ ಅದು ಚಿಂತೆ. ನಮ್ಮ ಊರು ಗೊತ್ತಿಲ್ಲದವರ ಬಾಯಲ್ಲಿ ಅದು ಜ್ವರವೋ ಸಿಟ್ಟೋ ಆಗಿ ವರದಿಗೆ ಹೋಗಬಹುದು. ಬ್ಯಾರಿ ಸಿಗದಿದ್ದರೆ ಕನ್ನಡವನ್ನಾದರೂ ಕೇಳಿ ಪಡೆಯಿರಿ. ಯಾವ ಭಾಷೆಯಲ್ಲಿ ಮಾತಾಯಿತು ಎಂಬುದನ್ನು ವರದಿಯಲ್ಲೇ ಬರೆಸಿ. ಗಂಡನ ಕಡೆಯವರನ್ನಂತೂ ಹತ್ತಿರ ಬಿಡಬೇಡಿ. ನಾನು ಕಂಡ ಒಬ್ಬಳು ಅದಕ್ಕೂ ಮೊದಲು ಆಸ್ಪತ್ರೆಗೆ ಹೋದಾಗ ಗಂಡನ ಅಕ್ಕನೇ ದುಭಾಷಿ. ಕೇಳಿದ್ದಕ್ಕೆಲ್ಲ "ಏನಿಲ್ಲ, ಚೆನ್ನಾಗಿದ್ದೇನೆ" ಎಂದಿದ್ದಾಳೆ. ಆ ಚೀಟಿ ಈಗಲೂ ಅವಳ ಫೈಲಿನಲ್ಲಿದೆ.