ಕಂಡಿಕೆ ಸುತ್ತುವ ಕೈಗೂ ಕೂಲಿ ಬರೆಯಿರಿ

ದೊಡ್ಡಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಸಂಸಾರ, ವಿದ್ಯುತ್ ಮಗ್ಗ ಎರಡೂ ಒಂದೇ ಸೂರಿನಡಿ. ಸೀರೆಯ ಅಸಲು ಲೆಕ್ಕ ಹಾಕುವಾಗ ಯಜಮಾನರು ನೂಲು, ಬಣ್ಣ, ನೇಯುವವರ ಕೂಲಿ ಎಲ್ಲ ಬರೆಯುತ್ತಾರೆ. ಅಡುಗೆ ಮುಗಿಸಿ ಬಂದು ಕಂಡಿಕೆ ಸುತ್ತುವ ಹೆಂಡತಿಯದು, ಸೊಸೆಯದು ಮಾತ್ರ ಅದರಲ್ಲಿ ಇರೋದಿಲ್ಲ. ‘ಮನೆಯವರಿಗೆ ಎಂಥ ಕೂಲಿ?’ ಅಂತಾರೆ. ಪ್ರೀತಿಯ ಮಾತೇ ಇರಬಹುದು, ಆದರೆ ಅದರ ಲಾಭ ಸೇರೋದು ಪೇಟೆಗೆ. ಸೂರತ್ ಸೀರೆ ಅಗ್ಗಕ್ಕೆ ಸಿಗುತ್ತೆ ಅಂತ ವ್ಯಾಪಾರಿ ಬೆಲೆ ಇಳಿಸಿದಾಗಲೂ ‘ಪರವಾಗಿಲ್ಲ, ಗಿಟ್ಟುತ್ತೆ’ ಅನ್ನಿಸೋದು ಈ ಕೂಲಿ ಬಿಟ್ಟಿರೋದರಿಂದಲೇ. ಅದೇ ಧೈರ್ಯದಲ್ಲಿ ಸಾಲ ಮಾಡಿ ಇನ್ನೊಂದು ಮಗ್ಗ ಹಾಕಿಸುತ್ತಾರೆ. (ಅಡ ಇಡೋದು ಯಾರ ಒಡವೆ ಅಂತ ಬೇರೆ ಹೇಳಬೇಕೆ!)

2023ರಲ್ಲಿ ರಾಜ್ಯ ಸರ್ಕಾರ 10 ಎಚ್‌ಪಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಘೋಷಿಸಿತು. ಕರೆಂಟ್ ಬಿಲ್ ಉಳಿದದ್ದು ಲೆಕ್ಕಕ್ಕೆ ಬರುತ್ತೆ, ನಿಮ್ಮ ದುಡಿಮೆ ಯಾಕೆ ಬರಬಾರದು?

ಒಂದು ತಿಂಗಳು, ಹೊರಗಿನವರಿಗೆ ಕೊಡುವ ದರದಲ್ಲೇ ನಿಮ್ಮ ಕೂಲಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜಗಳಕ್ಕಲ್ಲ. ಹೊಸ ಮಗ್ಗದ ಮಾತು ಬಂದ ದಿನ ಅದನ್ನು ತೆಗೆದು ಮುಂದಿಡಿ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರೂ ವರ್ಷಗಟ್ಟಲೆ ಕಂಡಿಕೆ ಸುತ್ತಿದವರೇ.