ದಕ್ಷಿಣದ ಕಿಟಕಿ

ಪರೀಕ್ಷೆಯ ದಿನಗಳು. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಪರಿಚಿತರ ಮನೆಗೆ ಹೋಗಿದ್ದೆ. ಹತ್ತನೇ ತರಗತಿಯ ಹುಡುಗ ಹಾಡುಹಗಲೇ ದೀಪ ಹಾಕಿಕೊಂಡು ಓದುತ್ತಿದ್ದ. ‘ದಕ್ಷಿಣದ ಕಿಟಕಿ, ಯಮನ ದಿಕ್ಕು. ಹಲಗೆ ಹೊಡೆಸಿಬಿಟ್ಟೆ ಸಾರ್’ ಎಂದರು ತಂದೆ. ಷೋಕೇಸಿನಲ್ಲಿ ಮಾತ್ರ ಚೀನಾದ ನಗುವ ಬುದ್ಧ ಕುಳಿತಿದ್ದ!

ಈತ ಗೌತಮ ಬುದ್ಧನಲ್ಲ, ಬುಡಾಯ್ ಎಂಬ ಚೀನೀ ಸನ್ಯಾಸಿ. ಆತನ ನಾಡಿನ ಫೆಂಗ್ ಶೂಯಿಗೆ ದಕ್ಷಿಣವೇ ಶ್ರೇಷ್ಠ. ಫೆಂಗ್ ಎಂದರೆ ಗಾಳಿ, ಶೂಯಿ ಎಂದರೆ ನೀರು. ಅಲ್ಲಿ ಚಳಿಗಾಲದ ಕೊರೆಯುವ ಗಾಳಿ ಉತ್ತರದಿಂದ ಬೀಸುತ್ತದೆ, ಬಿಸಿಲು ದಕ್ಷಿಣದಿಂದ. ಹಾಗಾಗಿ ಮನೆಯ ಬೆನ್ನು ಉತ್ತರಕ್ಕೆ, ಬಾಗಿಲು ದಕ್ಷಿಣಕ್ಕೆ. ಒಂದೇ ಮನೆಯಲ್ಲಿ ಎರಡೂ ಶಾಸ್ತ್ರ ನಡೆಸಲು ಹೊರಟರೆ ಯಾವ ಬಾಗಿಲು ತೆರೆಯೋಣ?

ಆ ಮನೆಯ ಅಜ್ಜಿಗೆ ಈ ಗೊಂದಲವಿಲ್ಲ. ಬೆಳಿಗ್ಗೆ ಹೊಸಿಲು ತೊಳೆದು ಅರಿಸಿನ, ಕುಂಕುಮ, ಅಂಗಳಕ್ಕೆ ರಂಗೋಲಿ, ಮುಸ್ಸಂಜೆ ತುಳಸಿಗೆ ದೀಪ. ದೀಪ ಹಚ್ಚುವ ಹೊತ್ತಿಗೆ ಟಿ.ವಿ. ಆರಿಸಲೇಬೇಕು. ಹುಡುಗನ ನಿಜವಾದ ಓದು ಆಗಲೇ ಅಂತೆ.

ಪಾಲಕರೇ, ಬಲಗೈಯಲ್ಲಿ ಬರೆಯುವ ಮಕ್ಕಳಿಗೆ ಬೆಳಕು ಎಡದಿಂದ ಬರಬೇಕು, ಇಲ್ಲವಾದರೆ ಅಕ್ಷರದ ಮೇಲೆ ಕೈಯ ನೆರಳು. ‘ಕಿಟಕಿ ತೆಗೆಸಿ, ಪಶ್ಚಿಮಕ್ಕೆ ಮುಖ ಮಾಡಿ ಕೂರಿಸಿ. ಸಾಯಂಸಂಧ್ಯೆಯೂ ಪಶ್ಚಿಮಾಭಿಮುಖವೇ ಅಲ್ಲವೇ?’ ಎಂದೆ. ತಂದೆ ತಲೆ ಕೆರೆದುಕೊಂಡರು.

‘ಯಮ ಬರೋದಾದ್ರೆ ಮುಂಬಾಗಿಲಲ್ಲೇ ಬತ್ತಾನೆ, ತೆಗಿಯಪ್ಪ’ ಎಂದ ಅಜ್ಜಿ, ಕಿಟಕಿಯ ಚೌಕಟ್ಟಿಗೆ ಚಿಟಿಕೆ ಕುಂಕುಮ ಹಚ್ಚಿದರು.